"ಸರ್, ಪಾಸ್‌ವರ್ಡ್ ತಗೊಳ್ತಾ ಇಲ್ಲ"

ಸೋಮವಾರ ಬೆಳಿಗ್ಗೆ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. ಅಲ್ಲಿನ ಮೇಡಂ ಎರಡು ವಾರದ ರಜೆ ಮುಗಿಸಿ ಬಂದಿದ್ದರು, ಪಾಸ್‌ವರ್ಡ್ ಮರೆತಿತ್ತು. ನಮ್ಮ ಹೆಲ್ಪ್‌ಡೆಸ್ಕ್ ಹುಡುಗ ರೀಸೆಟ್ ಮಾಡಿ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟಿದ್ದ. ಅದರಲ್ಲಿ ಲಾಗಿನ್ ಆಯಿತು. ಆದರೆ ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿ ತಮ್ಮದೇ ಪಾಸ್‌ವರ್ಡ್ ಇಡಲು ಹೋದರೆ ವಿಂಡೋಸ್ ಒಪ್ಪುತ್ತಿಲ್ಲ.

"ಆರು ಸಲ ಬೇರೆ ಬೇರೆ ಹಾಕಿದೆ ಸರ್. ನನಗೇ ಗೊತ್ತಾಗ್ತಿಲ್ಲ ಅನ್ಸುತ್ತೆ" ಅಂದರು. ಆ ಮಾತು ಕೇಳಿ ಬೇಜಾರಾಯಿತು. ಎದ್ದು ಅವರ ಟೇಬಲ್ ಹತ್ತಿರ ಹೋದೆ.

ಪರದೆ ಮೇಲೆ ಬರುತ್ತಿದ್ದದ್ದು ಎಲ್ಲರೂ ನೋಡಿರುವ ಸಂದೇಶವೇ: ಹೊಸ ಪಾಸ್‌ವರ್ಡ್ ಉದ್ದ, ಕಾಂಪ್ಲೆಕ್ಸಿಟಿ (ಅಕ್ಷರ, ಅಂಕಿ, ಚಿಹ್ನೆಗಳ ಬೆರಕೆ) ಅಥವಾ ಹಿಸ್ಟರಿ (ಹಿಂದೆ ಬಳಸಿದ್ದು ಮತ್ತೆ ಬರಬಾರದು) ನಿಯಮಕ್ಕೆ ಹೊಂದುತ್ತಿಲ್ಲ. ನಾನು ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಎಷ್ಟು ಅಕ್ಷರ, ಅಂಕಿ ಇದೆಯಾ, ನಿಮ್ಮ ಹೆಸರು ಸೇರಿದೆಯಾ ಅಂತ ಮಾತ್ರ ಕೇಳಿದೆ. ಹೆಸರು ಸೇರಿತ್ತು. ಕಾಂಪ್ಲೆಕ್ಸಿಟಿ ನಿಯಮ ಆನ್ ಇದ್ದರೆ ಅದು ನಡೆಯುವುದಿಲ್ಲ. ಸಿಕ್ಕಿತು ಅಂದುಕೊಂಡೆ. ಹೆಸರು ತೆಗೆದು ಹಾಕಿದರು. ಮತ್ತೆ ಅದೇ ಸಂದೇಶ.

ಆಗ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಯೂಸರ್, ಅವರ ಯೂಸರ್ ನೇಮ್, ಕೊನೆಗೆ ಸ್ಲ್ಯಾಶ್ ಡೊಮೈನ್ ಹೊಡೆದೆ. ಬಂದ ಅಕೌಂಟ್ ವಿವರದಲ್ಲಿ ಎರಡು ಸಾಲು ಸಾಕಾಯಿತು. 'ಪಾಸ್‌ವರ್ಡ್ ಲಾಸ್ಟ್ ಸೆಟ್' ಮುಂದೆ ಇವತ್ತು ಬೆಳಿಗ್ಗೆ 9:40. 'ಪಾಸ್‌ವರ್ಡ್ ಚೇಂಜಬಲ್' ಮುಂದೆ ನಾಳೆ ಬೆಳಿಗ್ಗೆ 9:40. ಅಂದರೆ ನಾಳೆಯವರೆಗೆ ಅವರು ಏನು ಹಾಕಿದರೂ ಅದು ತಗೊಳ್ಳುತ್ತಲೇ ಇರಲಿಲ್ಲ!

ಇದು ಮಿನಿಮಮ್ ಪಾಸ್‌ವರ್ಡ್ ಏಜ್ ಅನ್ನೋ ನಿಯಮ: ಒಮ್ಮೆ ಬದಲಾದ ಮೇಲೆ ಮತ್ತೆ ಬದಲಾಯಿಸಲು ಇಷ್ಟು ದಿನ ಕಾಯಬೇಕು. ಆಕ್ಟಿವ್ ಡೈರೆಕ್ಟರಿಯಲ್ಲಿ (ಆಫೀಸಿನ ಎಲ್ಲರ ಅಕೌಂಟ್ ನೋಡಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಡೀಫಾಲ್ಟ್ ಆಗಿ 1 ದಿನ. ನಿಯಮ ಸುಮ್ನೆ ಇಟ್ಟದ್ದಲ್ಲ. ಡೊಮೈನ್, ಅಂದರೆ ಆ ವ್ಯವಸ್ಥೆಯಡಿ ಇರುವ ನಮ್ಮ ಆಫೀಸ್ ನೆಟ್‌ವರ್ಕ್, ಹಳೆಯ 24 ಪಾಸ್‌ವರ್ಡ್ ನೆನಪಿಟ್ಟುಕೊಳ್ಳುತ್ತದೆ. ಈ ಒಂದು ದಿನದ ತಡೆ ಇಲ್ಲದಿದ್ದರೆ, ಕೂತಲ್ಲೇ 24 ಸಲ ಬದಲಾಯಿಸಿ ಹಳೆಯದಕ್ಕೇ ವಾಪಸ್ ಬರಬಹುದು ಅಲ್ವಾ? ನನ್ನ ತಕರಾರು ಆ ಸಂದೇಶದ ಬಗ್ಗೆ. ಮೂರು ಕಾರಣ ಹೇಳಿ ನಾಲ್ಕನೆಯದನ್ನು ಹೇಳುವುದೇ ಇಲ್ಲ. ಅದನ್ನು ಓದಿದವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ತಪ್ಪು ನಮ್ಮದಾಗಿತ್ತು. ರೀಸೆಟ್ ಮಾಡುವಾಗ 'ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಬೇಕು' ಅನ್ನೋ ಬಾಕ್ಸ್‌ಗೆ ಹುಡುಗ ಟಿಕ್ ಹಾಕಿರಲಿಲ್ಲ. ಟಿಕ್ ಹಾಕಿದರೆ ಕೊನೆಯ ಬದಲಾವಣೆಯ ಸಮಯ ಸೊನ್ನೆಯಾಗುತ್ತದೆ, ಒಂದು ದಿನದ ತಡೆ ಅಡ್ಡ ಬರುವುದಿಲ್ಲ. ನಾನು ಟಿಕ್ ಹಾಕಿದೆ, ಮೇಡಂ ಲಾಗ್ ಆಫ್ ಆಗಿ ಬಂದರು, ಮೊದಲ ಸಲಕ್ಕೇ ಆಯಿತು. (ಆ ಅಕೌಂಟ್‌ನಲ್ಲಿ 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಇದ್ದರೆ ಮೊದಲು ಅದನ್ನು ತೆಗೆಯಬೇಕು. ಎರಡೂ ಒಟ್ಟಿಗೆ ಇರುವುದಿಲ್ಲ.)

ಆಮೇಲೆ ಡೊಮೈನ್ ಕಂಟ್ರೋಲರ್‌ನ (ಎಲ್ಲರ ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್) ಸೆಕ್ಯುರಿಟಿ ಲಾಗ್ ನೋಡಿದೆ. ಅದರಲ್ಲಿ ಪ್ರತಿಯೊಂದು ಬಗೆಯ ಘಟನೆಗೂ ಒಂದು ನಂಬರ್ ಇರುತ್ತದೆ. 9:40ಕ್ಕೆ 4724, ಅದು ನಮ್ಮ ರೀಸೆಟ್. ಅದರ ನಂತರ ಸಾಲಾಗಿ ಫೇಲ್ ಆದ 4723, ಅವು ಮೇಡಂ ಮಾಡಿದ ಪ್ರಯತ್ನಗಳು. ಹಳೆ ಪಾಸ್‌ವರ್ಡನ್ನೇ ತಪ್ಪು ಟೈಪ್ ಮಾಡಿದ್ದರೆ 4723 ಬರುವುದಿಲ್ಲ, 4771 ಅಥವಾ 4776 ಬರುತ್ತದೆ. ಆಡಿಟಿಂಗ್ (ಇಂಥ ಘಟನೆಗಳನ್ನು ಲಾಗ್‌ಗೆ ಬರೆಯುವ ಸೆಟ್ಟಿಂಗ್) ಆನ್ ಇದ್ದರೆ ಈ ವ್ಯತ್ಯಾಸ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಳೆ ಪಾಸ್‌ವರ್ಡ್ ತಪ್ಪುವುದಕ್ಕೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಪತ್ರ ಟೈಪ್ ಮಾಡುವವರ ಕೀಬೋರ್ಡ್ ಕನ್ನಡದಲ್ಲೇ ಉಳಿದಿರುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೀಬೋರ್ಡ್ ಯಾವ ಭಾಷೆಯಲ್ಲಿದೆ ಅಂತ ಈಗ ಮೊದಲೇ ನೋಡುತ್ತೇನೆ.

ಮನೆಯಿಂದ ಕೆಲಸ ಮಾಡುವವರದ್ದು ಬೇರೆ ಕಥೆ. ಆಫೀಸಿನಲ್ಲಿ ರೀಸೆಟ್ ಮಾಡಿದರೂ ಅವರ ಲ್ಯಾಪ್‌ಟಾಪ್ ಹಳೆಯದನ್ನೇ ಕೇಳುತ್ತದೆ, ಏಕೆಂದರೆ ಹಳೆಯದರ ಗುರುತು ಅದರೊಳಗೇ ಉಳಿದಿರುತ್ತದೆ. ಹಳೆಯದರಲ್ಲಿ ಲಾಗಿನ್ ಆಗಿ, ಹೊಸದರಲ್ಲಿ ವಿಪಿಎನ್ ಮೂಲಕ ಆಫೀಸ್ ನೆಟ್‌ವರ್ಕ್ ಸೇರಿ, ಸ್ಕ್ರೀನ್ ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದಲೇ ತೆರೆಯಲು ಹೇಳುತ್ತೇನೆ. ಅಲ್ಲಿಗೆ ಎರಡೂ ಕಡೆ ಒಂದೇ ಆಗುತ್ತದೆ.

ಮಧ್ಯಾಹ್ನ ಹುಡುಗನನ್ನು ಕೂರಿಸಿಕೊಂಡು ಆ ಬಾಕ್ಸ್ ತೋರಿಸಿದೆ. ಸಂಜೆ ಅವನೇ ಅಕೌಂಟ್ಸ್‌ಗೆ ಹೋಗಿ, "ಮೇಡಂ, ನಿಮ್ಮ ತಪ್ಪಿರಲಿಲ್ಲ, ನಾನು ಒಂದು ಟಿಕ್ ಬಿಟ್ಟಿದ್ದೆ" ಅಂತ ಹೇಳಿ ಬಂದ.