ಎಂಟು ಎಂಟಾಗಿಯೇ ಇರಲಿ

ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ನನ್ನ ಹಳೆಯ ಸೊಂಟನೋವಿನ ರೋಗಿಗಳಲ್ಲಿ ಮುಕ್ಕಾಲು ಮಂದಿ ಎಂಟು ಎನ್ನುತ್ತಿದ್ದರು. ಮಾತ್ರೆ ಕೊಟ್ಟರೂ ಎಂಟು, ಬದಲಿಸಿದರೂ ಎಂಟು. ಅಂಕದ ಬೆನ್ನು ಬಿಟ್ಟು, ನೋವಿನಿಂದ ನಿಂತ ಕೆಲಸವನ್ನು ಮರಳಿಸಲು ಹೊರಟ ಮೇಲೆ, ಈಗ ಅಂಕ ಅಷ್ಟಾಗಿ ಇಳಿಯದವರೂ ಕೆಲಸಕ್ಕೆ ಹೋಗುತ್ತಿದ್ದಾರೆ. ಇದೆಲ್ಲ ಆಗದ ಹೋಗದ ಮಾತು ಎಂದಿದ್ದ ಸಹೋದ್ಯೋಗಿಗಳೇ ಇಂದು ನನ್ನ ಬಳಿಗೆ ರೋಗಿಗಳನ್ನು ಕಳಿಸುತ್ತಿದ್ದಾರೆ.

ಮೊದಲು ನೋವಿನ ದಿನಚರಿ ಬರೆಸಿ ನೋಡಿದೆ. ಅರ್ಧದಷ್ಟು ಜನ ಎರಡು ವಾರದ ಅಂಕಗಳನ್ನು ಹೊರಗೆ ಸರದಿಯಲ್ಲಿ ಕುಳಿತೇ ತುಂಬುತ್ತಿದ್ದರು: ಒಂದೇ ಪೆನ್ನು, ಒಂದೇ ಓರೆ ಬರಹ. ನಿಯತ್ತಾಗಿ ಬರೆದವರ ಪಾಡು ಇನ್ನೂ ಕಷ್ಟ. ಗಂಟೆಗೊಮ್ಮೆ ನೋವನ್ನು ತಡಕಿ ನೋಡುವ ಚಾಳಿ ಅಂಟಿತು. ಬರಿಯ ಸೊಂಟನೋವಿಗೆ ಕೊಟ್ಟ ಗ್ಯಾಬಾಪೆಂಟಿನ್ ಎಂಬ ನರನೋವಿನ ಔಷಧ ತಲೆಸುತ್ತು ತಂದಿತೇ ಹೊರತು ಬೇರೇನೂ ಮಾಡಲಿಲ್ಲ. ಈಗ ನರನೋವನ್ನು ಗುರುತಿಸುವ ಡಿಎನ್4 ಪ್ರಶ್ನಾವಳಿಯಲ್ಲಿ ಹತ್ತಕ್ಕೆ 4 ಅಥವಾ ಹೆಚ್ಚು ಬಂದರಷ್ಟೇ ನರನೋವಿನ ಔಷಧ. ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್‌ನಿಂದ ಆರಂಭ.

ಅಪಾಯದ ಲಕ್ಷಣಗಳಿಲ್ಲವೆಂದು ಖಾತ್ರಿಯಾದ ಮೇಲೆ ಪಿಇಜಿ ಪ್ರಶ್ನಾವಳಿಯ ಮೂರು ಪ್ರಶ್ನೆ (ನೋವು ಎಷ್ಟು, ಬದುಕಿನ ಖುಷಿಗೆ ಎಷ್ಟು ಅಡ್ಡಿ, ದಿನದ ಚಟುವಟಿಕೆಗೆ ಎಷ್ಟು ಅಡ್ಡಿ; ಹತ್ತಕ್ಕೆ ಸರಾಸರಿ), ಆಮೇಲೆ ನೋವಿನಿಂದಾಗಿ ಯಾವ ಕೆಲಸ ಬಿಟ್ಟಿರಿ ಎಂಬುದೊಂದು. "ಕಾಲು ಗಂಟೆ ಯಂತ್ರದ ಮುಂದೆ ಕುಳಿತರೆ ಏಳಲಾಗುವುದಿಲ್ಲ ಡಾಕ್ಟರೇ" ಎಂದರು ಒಬ್ಬ ದರ್ಜಿ. ಹನ್ನೆರಡು ನಿಮಿಷಕ್ಕೇ ಅಲಾರಂ ಇಡಿಸಿದೆ. ನೋವಿರಲಿ, ಇಲ್ಲದಿರಲಿ, ಏಳಲೇಬೇಕು. ಹಾಯಾದ ದಿನವೇ ಕಷ್ಟ: ಬಾಕಿ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡು ಮರುದಿನ ಹಾಸಿಗೆ ಹಿಡಿಯುತ್ತಾರೆ. ಮೊಬೈಲ್ ಅಲಾರಂ ಉಪಯೋಗವಿಲ್ಲ, ಕುಳಿತಲ್ಲೇ ಒತ್ತಿ ಆರಿಸುತ್ತಾರೆ. ಕೋಣೆಯ ಆಚೆ ಮೂಲೆಯಲ್ಲಿ ಗಡಿಯಾರವನ್ನೇ ಇಡಿಸಬೇಕು. ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತಾ ದರ್ಜಿ ನಾಲ್ಕೈದು ತಿಂಗಳಲ್ಲಿ ಮುಕ್ಕಾಲು ಗಂಟೆ ಮುಟ್ಟಿದರು. ಪಿಇಜಿ ಎಂಟರ ಆಸುಪಾಸಿನಿಂದ ಐದಕ್ಕೆ ಬಂತು. ಶೇ 30ರಷ್ಟು ಇಳಿದರೆ ಸಾಕು ಎನ್ನುವ ನಮಗೆ ಅದು ಹಬ್ಬವೇ. ಅವರ ನೋವಿನ ಅಂಕ ಮಾತ್ರ ಏಳಕ್ಕಿಂತ ಕೆಳಗಿಳಿಯಲಿಲ್ಲ.

"ಹಾಗಾದರೆ ನನ್ನ ನೋವು ಭ್ರಮೆಯೇ?" ಎಂದು ರೋಗಿಗಳು ಎರಡನೇ ಭೇಟಿಯಲ್ಲಿ ಕೇಳುತ್ತಾರೆ. ಅದಕ್ಕೆ ನಾನು ಹೇಳುವ ಒಂದು ವಾಕ್ಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದುಡ್ಡಿನ ಮಾತು. ಮೊದಲ ಭೇಟಿಗೆ ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಆರೇಳು ರೋಗಿಗಳನ್ನು ನೋಡಬಹುದಿತ್ತು. ಚುಚ್ಚುಮದ್ದು, ಮರುಸ್ಕ್ಯಾನ್ ನಿಂತವು. ಮೊದಲ ವರ್ಷ ಗಳಿಕೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಯಿತು. ಪ್ರಶ್ನಾವಳಿಯನ್ನು ನರ್ಸ್‌ಗೆ ಕಲಿಸಿ, ಮರುಭೇಟಿಗಳನ್ನು ಎಂಟು ಜನರ ಗುಂಪಾಗಿಸಿದ ಮೇಲೆ ಲೆಕ್ಕ ಸರಿಹೋಯಿತು. ಗುಂಪಿನಲ್ಲಿ ದರ್ಜಿಯೇ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ.

ವರ್ಷಗಟ್ಟಲೆ ಟ್ರಮಡಾಲ್ ಎಂಬ ಅಫೀಮು ವರ್ಗದ ನೋವುಮಾತ್ರೆ ನುಂಗಿದವರಿಗೆ ಮಾತ್ರ ಅವಸರ ಸಲ್ಲ. ಪ್ರಮಾಣವನ್ನು ತಿಂಗಳಿಗೆ ಶೇ 10ರಷ್ಟು ಇಳಿಸುತ್ತೇನೆ, ಕೊನೆಯ ಮಾತ್ರೆಗಳಲ್ಲಿ ಇನ್ನೂ ನಿಧಾನ.