ತೋಟದ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಸೊಸೈಟಿ ಖಾತೆಯೇ ಖಜಾನೆ. 1923ರಲ್ಲಿ ಆರಂಭವಾದ ತೋಟಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಇರಲಿ, ಊರಿನ ಸೇವಾ ಸಹಕಾರಿ ಸಂಘ ಇರಲಿ, ಅಡಿಕೆ ಹಾಕಿದರೆ ಜಮೆ. ಅಕ್ಕಿ, ಬೇಳೆ, ತೋಟದ ಔಷಧಿಗೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್), ಹಿಂಡಿ, ಮಕ್ಕಳ ಕಾಲೇಜಿನ ಶುಲ್ಕ ಎಲ್ಲವೂ ಅದೇ ಖಾತೆಗೆ ಖರ್ಚು. ಅನುಕೂಲಕ್ಕೆ ಇದನ್ನು ಮೀರಿಸಿದ್ದಿಲ್ಲ. ಆದರೆ ವರ್ಷದ ಕೊನೆಗೆ ಬಾಕಿ ನಿಂತರೆ, ಅದು ತೋಟದಿಂದ ಬಂದ ನಷ್ಟವೋ ಮನೆಯ ಮದುವೆಯಿಂದ ಬಂದದ್ದೋ ಎಂದು ಆ ಪಾಸ್‌ಬುಕ್ ಹೇಳುವುದಿಲ್ಲ.

ನಮ್ಮದು ಎರಡೆಕರೆ ತೋಟ, ತೋಟಕ್ಕೆ ಸೊಪ್ಪು ತರಲು ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಬೆಟ್ಟದಲ್ಲಿ ಒಂದಿಷ್ಟು ಮುರುಗಲು (ಪುನರ್ಪುಳಿ, ಕೋಕಂ) ಮರಗಳು. ಮುರುಗಲು ಸಿರಪ್ ಮಾಡಿ ಮಾರುವುದೆಂದು ನಿರ್ಧರಿಸಿದಾಗ ನಾನು ಮೊದಲು ಕೊಂಡದ್ದು ಬಾಟಲಿಯನ್ನಲ್ಲ, ಇನ್ನೂರು ಪುಟದ ನೋಟ್‌ಬುಕ್ಕನ್ನು. "ತೋಟಕ್ಕೆ ಲೆಕ್ಕ ಕೇಳಬಾರದು ತಂಗೀ, ಅದು ಕೊಟ್ಟಷ್ಟು ತೆಗೆದುಕೊಳ್ಳಬೇಕು" ಎಂದರು ಮಾವ. ಅವರ ಕಾಲಕ್ಕೆ ಅದು ಸರಿಯೇ ಇತ್ತು. ಆಗ ಆಳಿನ ಕೂಲಿ ಇಷ್ಟಿರಲಿಲ್ಲ.

ಲೆಕ್ಕದ ವರ್ಷವನ್ನು ಏಪ್ರಿಲ್‌ನಿಂದ ಹಿಡಿಯಲಿಲ್ಲ, ಜೂನ್‌ನಿಂದ ಹಿಡಿದೆ. ಮಳೆಗಾಲದ ಬಾಗಿಲಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವಲ್ಲ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮೇಲೆ ಮರ ಹತ್ತುವವರ ಕೂಲಿ, ಆ ಬೆಳೆಯ ದೊಡ್ಡ ಖರ್ಚು ಅಲ್ಲಿಂದ ಶುರು. ಅದೇ ಕೊನೆಗಳು (ಅಡಿಕೆ ಗೊನೆಗಳು) ಚಳಿಗಾಲದಲ್ಲಿ ಇಳಿದು, ಸಿಪ್ಪೆಸಹಿತ ಬಿಸಿಲಲ್ಲಿ ಒಣಗಿ ಚಾಲಿಯಾಗಿ, ಸುಲಿದು ಮುಗಿಯುವಷ್ಟರಲ್ಲಿ ಬೇಸಿಗೆ. ಮಾರ್ಚ್ 31ಕ್ಕೆ ಗೆರೆ ಎಳೆದರೆ ಒಂದೇ ಬೆಳೆ ಎರಡು ತುಂಡಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಅಡಿಕೆ, ಕಾಳುಮೆಣಸು, ಮುರುಗಲು ಎಂದು ಮೂರು ಭಾಗ. ಮನೆ ಖರ್ಚಿಗೆ ಅದರಲ್ಲಿ ಜಾಗವಿಲ್ಲ. ಮನೆಯವರ ದುಡಿಮೆಯನ್ನು ಮಾತ್ರ ಬರೆಯುತ್ತೇನೆ: ಅತ್ತೆ ಮುರುಗಲು ಒಡೆದರೆ, ನಾನು ಬಾಟಲಿ ತೊಳೆದರೆ, ಹೊರಗಿನ ಹೆಣ್ಣಾಳಿಗೆ ಕೊಡುವ ಕೂಲಿಯೇ ನಮಗೂ. ಇದಕ್ಕೆ ಮನೆಯಲ್ಲಿ ನಕ್ಕವರೇ ಹೆಚ್ಚು. ಆದರೆ ಪುಕ್ಕಟೆ ದುಡಿಮೆಯ ಮೇಲೆ ನಿಂತ ಲಾಭ ಅತ್ತೆಯ ಸೊಂಟ ಹಿಡಿದ ದಿನ ಮಾಯವಾಗುತ್ತದೆ.

ಈ ಲೆಕ್ಕ ಮೊದಲು ಕೆಲಸಕ್ಕೆ ಬಂದದ್ದು ಅಟ್ಟದ ಮೇಲಿನ ಚಾಲಿಗೆ. "ಇಟ್ಟರೆ ದರ ಬರುತ್ತದೆ" ಎನ್ನುವುದು ನಮ್ಮಲ್ಲಿ ವೇದವಾಕ್ಯ. ಕ್ವಿಂಟಲ್‌ಗೆ 40,000 ರೂಪಾಯಿ ಎಂದು ಇಟ್ಟುಕೊಳ್ಳಿ. ಸೊಸೈಟಿಯಲ್ಲಿ ಶೇಕಡಾ 9ರ ಬಡ್ಡಿಯ ಸಾಲವಿದ್ದರೆ, ಮಾರದೆ ಇಟ್ಟ ಪ್ರತಿ ತಿಂಗಳಿಗೆ 300 ರೂಪಾಯಿ ಬಡ್ಡಿ. ಆರು ತಿಂಗಳಿಗೆ 1,800. ಅಷ್ಟರಲ್ಲಿ ತೂಕ ಶೇಕಡಾ ಎರಡರಷ್ಟು ಇಳಿಯಿತೆಂದರೂ ದರ ಸುಮಾರು 42,650 ದಾಟಿದರೆ ಮಾತ್ರ ಕಾದದ್ದಕ್ಕೆ ಅರ್ಥ. ಈಗ ಸಾಲದ ಕಂತಿಗೆ ಬೇಕಾದಷ್ಟನ್ನು ಸುಲಿದ ತಕ್ಷಣ ಸೊಸೈಟಿಯ ಟೆಂಡರ್ ಮಾರಾಟಕ್ಕೆ ಹಾಕುತ್ತೇವೆ, ಸಾಲದ ಹಂಗಿಲ್ಲದ ಪಾಲನ್ನಷ್ಟೇ ಅಟ್ಟಕ್ಕೆ ಏರಿಸುತ್ತೇವೆ. ರಾಶಿ, ಅಂದರೆ ಬೇಯಿಸಿದ ಕೆಂಪಡಿಕೆ, ಮಾಡುವುದನ್ನಂತೂ ಬಿಟ್ಟೆವು. ಅದಕ್ಕೆ ಹಸಿ ಅಡಿಕೆ ಕೊಯ್ದ ಕೂಡಲೇ ಸುಲಿದು ಬೇಯಿಸಬೇಕು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದ ದಿನವೇ ಸುಲಿಯುವವರೂ ಸಿಗುವ ಭಾಗ್ಯ ನಮ್ಮ ಕೇರಿಗಿಲ್ಲ. ಚಾಲಿಯಾದರೆ ಅಂಗಳ, ಬಿಸಿಲು ಇದ್ದರೆ ಸಾಕು, ಆಳು ಸಿಕ್ಕಾಗ ಸುಲಿಸಬಹುದು.

ಮುರುಗಲಿನ ಕಥೆ ಬೇರೆ. ಅಲ್ಲಿ ಬೆಳೆ ಅಗ್ಗ, ಹಣ ಹಿಡಿಯುವುದು ಉಳಿದದ್ದೆಲ್ಲ. ಹತ್ತು ಕಿಲೋ ಹಣ್ಣು ಒಡೆದರೆ ಸಿಪ್ಪೆ ಸುಮಾರು ಐದು ಕಿಲೋ. ಅದಕ್ಕೆ ಎರಡು ಪಾಲು, ಅಂದರೆ ಹತ್ತು ಕಿಲೋ ಸಕ್ಕರೆ. ಸಿಪ್ಪೆಯೊಳಗೆ ಸಕ್ಕರೆ ತುಂಬಿ ಭರಣಿಯಲ್ಲಿ ಪದರ ಪದರವಾಗಿ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಕೆಂಪು ರಸ ತಾನಾಗಿ ಇಳಿಯುತ್ತದೆ. ಬೆಲೆ ಕಟ್ಟುವಾಗ ನೋಡಿದರೆ ಸಕ್ಕರೆ ಮೊದಲು, ಗಾಜಿನ ಬಾಟಲಿ ಮತ್ತು ಚೀಟಿ ಆಮೇಲೆ, ಕೂಲಿ ಅದರ ಹಿಂದೆ, ಹಣ್ಣು ಕೊನೆಯಲ್ಲಿ. ಬೀಜ ಒಣಗಿಸಿಟ್ಟರೆ ಮುರುಗಲು ತುಪ್ಪವಾಗುತ್ತದೆ, ಅದನ್ನು ಮನೆಗೇ ಇಟ್ಟುಕೊಂಡಿದ್ದೇವೆ.

ಕಷ್ಟವಿರುವುದು ಕಾಲದಲ್ಲಿ. ಹಣ್ಣಾಗುವುದು ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ. ಸಿರಪ್ ಸಿದ್ಧವಾಗುವ ಹೊತ್ತಿಗೆ ಸೆಕೆ ಮುಗಿದು ಮಳೆ ಬಂದಿರುತ್ತದೆ, ಮಳೆಯಲ್ಲಿ ಪಾನಕ ಕೇಳುವವರಾರು? ಹೆಚ್ಚಿನ ಮಾಲು ಮಾರಾಟವಾಗುವುದು ಮುಂದಿನ ಬೇಸಿಗೆಯಲ್ಲಿ. ಅಷ್ಟು ತಿಂಗಳು ಸಕ್ಕರೆ, ಬಾಟಲಿಗೆ ಹಾಕಿದ ಹಣ ಕಪಾಟಿನಲ್ಲಿ ಕೂರುತ್ತದೆ. ಅದಕ್ಕೂ ಬಡ್ಡಿ ಬರೆಯುತ್ತೇನೆ, ಅಡಿಕೆಗೆ ಬರೆದಂತೆಯೇ.

ಗೋಕರ್ಣ, ಕಾರವಾರದ ಅಂಗಡಿಗಳಿಗೆ ಮೊದಲು ಕಡವಾಗಿ ಕೊಟ್ಟೆ. ಮಾರಿದ ಮೇಲೆ ಹಣ ಎನ್ನುತ್ತಾರೆ. ಮಾರಾಟವಾಯಿತೋ ಇಲ್ಲವೋ ನೋಡಲು ಘಟ್ಟ ಇಳಿದು ಹೋಗಬೇಕು, ಒಡೆದ ಬಾಟಲಿ ನಮ್ಮ ತಲೆಗೇ. ಪ್ರಯಾಣದ ಖರ್ಚನ್ನೂ ಬಾಟಲಿಗೆ ಹಂಚಿ ನೋಡಿದಾಗ ಕರಾವಳಿಗಿಂತ ಶಿರಸಿ ಪೇಟೆಯ ನಗದು ಗಿರಾಕಿಯೇ ಮೇಲು ಎಂದಾಯಿತು. ಈಗ ಘಟ್ಟದ ಕೆಳಗೆ ಮುಂಗಡ ಕೊಟ್ಟವರಿಗೆ ಮಾತ್ರ, ಅದೂ ಪೆಟ್ಟಿಗೆಗಟ್ಟಲೆ. ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸಿದ ಮೇಲೆ ಮುಂಗಡ ಕೇಳಲು ನನಗೂ ಧೈರ್ಯ ಬಂತು.

ಈ ಬಾರಿ ಹಣ್ಣು ಚೆನ್ನಾಗಿದೆ, ಎಲ್ಲವನ್ನೂ ಸಿರಪ್ ಮಾಡೋಣವೆಂದು ಮನೆಯವರಿಗೆ ಆಸೆ. ಕಳೆದ ಬೇಸಿಗೆಯಲ್ಲಿ ನಗದಿಗೆ ಹೋದ ಬಾಟಲಿಗಳ ಲೆಕ್ಕ ನೋಡಿ ಸಕ್ಕರೆಯನ್ನು ಎರಡು ಕ್ವಿಂಟಲ್‌ಗೆ ನಿಲ್ಲಿಸಿದೆ. ಉಳಿದ ಸಿಪ್ಪೆಯನ್ನು ಮಳೆಗೆ ಮುನ್ನ ಒಣಗಿಸಿ ಹಾಗೆಯೇ ಮಾರುತ್ತೇವೆ.