ಹಲ್ಲನ್ನು ಕೊನೆಗೆ ನೋಡುವುದು: ನನ್ನ ಅನುಭವ

ದಂತವೈದ್ಯನಾಗಿ ಕೆಲಸ ಶುರುಮಾಡಿದ ಮೊದಲ ವರ್ಷಗಳಲ್ಲಿ ರೋಗಿ ಬೆರಳಿಟ್ಟು ತೋರಿಸಿದ ಹಲ್ಲಿನಿಂದಲೇ ನನ್ನ ಪರೀಕ್ಷೆ ಆರಂಭವಾಗುತ್ತಿತ್ತು, ಬಹಳಷ್ಟು ಸಲ ಅಲ್ಲಿಯೇ ಮುಗಿದೂ ಹೋಗುತ್ತಿತ್ತು. ಮುರಿದ ದವಡೆಹಲ್ಲು ನಾಲಿಗೆಗೆ ಚುಚ್ಚುತ್ತಿದೆ ಎಂದು ಬಂದ ಹಿರಿಯರೊಬ್ಬರಿಗೆ ನಾನು ಆ ಚೂಪು ಅಂಚನ್ನು ಉಜ್ಜಿ ನುಣುಪು ಮಾಡಿ, ನಾಲಿಗೆಯ ಬದಿಯಲ್ಲಿದ್ದ ಹುಣ್ಣು ತಾನಾಗಿಯೇ ಮಾಯುತ್ತದೆ ಎಂದು ಹೇಳಿ ಕಳುಹಿಸಿದೆ. ನಾಲ್ಕು ತಿಂಗಳ ಬಳಿಕ ಅವರು ಮತ್ತೆ ಬಂದಾಗ ಹುಣ್ಣು ಅಲ್ಲಿಯೇ ಇತ್ತು, ಅದರ ಅಂಚು ಬೆರಳಿಗೆ ಗಟ್ಟಿಯಾಗಿ ತಾಗುತ್ತಿತ್ತು. ಹುಣ್ಣಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ವರದಿ ಕ್ಯಾನ್ಸರ್ ಎಂದಿತು. ಚೂಪು ಹಲ್ಲಿನಿಂದ ಹುಣ್ಣಾಗಿರಬಹುದೆಂಬ ಊಹೆ ಅಸಂಗತವೇನಲ್ಲ. ಆದರೆ ಆ ಊಹೆ ಸರಿಯೇ ಎಂದು ನೋಡುವುದಕ್ಕೆ ಎರಡು ವಾರಗಳ ನಂತರ ಬನ್ನಿ ಎಂದು ನಾನು ಹೇಳಿರಲಿಲ್ಲ.

ಅಂದಿನಿಂದ ಕ್ರಮವನ್ನು ತಿರುಗಿಸಿದೆ. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆ, ನಾಲಿಗೆಯ ಅಡಿ, ವಸಡು. ಹಲ್ಲು ಎಲ್ಲಕ್ಕಿಂತ ಕೊನೆಗೆ. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಒಂದು ಪಕ್ಕಕ್ಕೆ ಎಳೆದು, ಕನ್ನಡಿಯಿಂದ ಕೆನ್ನೆಯನ್ನು ಸರಿಸಿದರೆ ಮಾತ್ರ ಅದರ ಹಿಂಬದಿಯ ಅಂಚು ಕಾಣುತ್ತದೆ. ಬಾಯಿ ತೆರೆದು ನಾಲಿಗೆ ಚಾಚಿ ಎಂದಷ್ಟೇ ಹೇಳಿದರೆ ಆ ಜಾಗ ಮರೆಯಲ್ಲಿಯೇ ಉಳಿಯುತ್ತದೆ, ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಸಹಜವಾಗಿಯೇ ಮಡಿಕೆ ಮಡಿಕೆಯಾಗಿರುವ ಗುಲಾಬಿ ಬಣ್ಣದ ಉಬ್ಬುಗಳಿರುತ್ತವೆ. ಅವನ್ನು ಕನ್ನಡಿಯಲ್ಲಿ ಕಂಡು ಗಾಬರಿಯಾಗಿ ಬರುವವರು ಕಡಿಮೆಯಿಲ್ಲ, ನಾನೇ ಆರಂಭದಲ್ಲಿ ಒಮ್ಮೆ ಗಾಬರಿಯಾದವನು. ಈಗ ನಾಲಿಗೆಯ ಇನ್ನೊಂದು ಬದಿಯನ್ನು ನೋಡುತ್ತೇನೆ. ಎರಡೂ ಕಡೆ ಒಂದೇ ರೀತಿ ಇದ್ದರೆ ಸಾಮಾನ್ಯವಾಗಿ ಅದು ದೇಹದ ರಚನೆ, ಒಂದೇ ಕಡೆ ಇದ್ದರೆ ಅನುಮಾನ. ಕೆನ್ನೆಯ ಒಳಗಿನ ಹಳದಿ ಚುಕ್ಕೆಗಳು, ಅಂಗುಳದ ನಡುವಿನ ಮೂಳೆಯ ಗಂಟು, ದಿನದಿಂದ ದಿನಕ್ಕೆ ಜಾಗ ಬದಲಿಸುವ ನಾಲಿಗೆಯ ನಕ್ಷೆಯಂಥ ಕೆಂಪು ಮಚ್ಚೆಗಳು, ಇವೂ ಅಪಾಯವಿಲ್ಲದವೇ.

ಬಿಳಿ ಮಚ್ಚೆ ಕಂಡರೆ ನಾನು ಮೊದಲು ಗಾಜ್ ಬಟ್ಟೆಯಿಂದ ಮೆಲ್ಲನೆ ಒರೆಸುತ್ತೇನೆ. ಒಡೆದ ಹಾಲಿನ ಗಸಿಯಂತೆ ಎದ್ದು ಬಂದು ಅಡಿಯಲ್ಲಿ ಕೆಂಪು ಉಳಿದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಶಿಲೀಂಧ್ರದ ಸೋಂಕು. ಹಾಗಿದ್ದಾಗ ಇನ್‌ಹೇಲರ್ ಬಳಸುತ್ತೀರಾ, ಮಧುಮೇಹವಿದೆಯೇ, ಕಟ್ಟುಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡುತ್ತೀರಾ ಎಂದು ವಿಚಾರಿಸುತ್ತೇನೆ. ಒರೆಸಿದರೂ ಹೋಗದಿದ್ದರೆ ಅದರ ಆಕಾರವನ್ನು ಗಮನಿಸುತ್ತೇನೆ: ಎರಡೂ ಕೆನ್ನೆಗಳಲ್ಲಿ ಬಲೆಯಂತೆ ಹೆಣೆದ ಬಿಳಿ ಗೆರೆಗಳಿದ್ದರೆ ಲೈಕನ್ ಪ್ಲೇನಸ್ ಎಂಬ, ಒಬ್ಬರಿಂದೊಬ್ಬರಿಗೆ ಅಂಟದ ದೀರ್ಘಕಾಲದ ಉರಿಯೂತ ಇರಬಹುದು, ಬೇರಾವ ಕಾರಣವೂ ಸಿಗದ ಮಚ್ಚೆಯಾದರೆ ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ, ಎಂದು ಬಗೆದು ಬಯಾಪ್ಸಿಗೆ ಕಳುಹಿಸುತ್ತೇನೆ. ಕಾರಣ ತಿಳಿಯದ, ಮಖಮಲ್ಲಿನಂಥ ಕೆಂಪು ಮಚ್ಚೆ ಬಿಳಿಯದಕ್ಕಿಂತ ವಿರಳ, ಆದರೆ ಹೆಚ್ಚು ಅಪಾಯಕಾರಿ. ಅದನ್ನು ಕಂಡಾಗ ನಾನು ಕಾಯುವುದಿಲ್ಲ.

ವಸಡಿನ ವಿಷಯದಲ್ಲಿ ಕಣ್ಣನ್ನೊಂದೇ ನಂಬುವಂತಿಲ್ಲ. ಹಲ್ಲು ಮತ್ತು ವಸಡಿನ ನಡುವಿನ ಸಂದಿಯನ್ನು ಅಳತೆಯ ಗುರುತುಗಳಿರುವ ತೆಳು ಕಡ್ಡಿಯಂಥ ಪ್ರೋಬ್‌ನಿಂದ ಅಳೆಯುತ್ತೇನೆ. ಅದು 3 ಮಿಲಿಮೀಟರ್ ಒಳಗೆ, ರಕ್ತ ಬಾರದೆ ಇದ್ದರೆ ಸರಿ; 4 ಅಥವಾ ಅದಕ್ಕಿಂತ ಆಳವಿದ್ದರೆ ಎಕ್ಸ್-ರೇಯಲ್ಲಿ ಮೂಳೆ ಸವೆದಿದೆಯೇ ಎಂದು ನೋಡುತ್ತೇನೆ. ಧೂಮಪಾನ ಮಾಡುವವರ ವಸಡು ರೋಗವಿದ್ದರೂ ಕಡಿಮೆ ರಕ್ತ ಸುರಿಸುತ್ತದೆ. ‘ನನಗೆ ರಕ್ತವೇ ಬರುವುದಿಲ್ಲ’ ಎಂದು ಅವರು ಹೇಳಿದಾಗ ಇನ್ನಷ್ಟು ಎಚ್ಚರಿಕೆಯಿಂದ ಅಳೆಯುತ್ತೇನೆ.

ಕೊನೆಗೆ ಹಲ್ಲು. ಒದ್ದೆ ಹಲ್ಲಿನಲ್ಲಿ ಏನೂ ಕಾಣದಿದ್ದಾಗ ಐದು ಸೆಕೆಂಡು ಗಾಳಿ ಊದಿ ಒಣಗಿಸಿದರೆ ವಸಡಿನ ಅಂಚಿನುದ್ದಕ್ಕೂ ಸೀಮೆಸುಣ್ಣದಂಥ ಮಾಸಲು ಬಿಳುಪು ಮೂಡಬಹುದು. ಅದೇ ಹುಳುಕಿನ ಮೊದಲ ಹೆಜ್ಜೆ, ಅಲ್ಲಿಂದ ಅದನ್ನು ಡ್ರಿಲ್ ಇಲ್ಲದೆ, ಫ್ಲೋರೈಡ್‌ನಿಂದ ಹಿಂದಿರುಗಿಸುವ ಅವಕಾಶವಿದೆ. ಆ ಜಾಗವನ್ನು ಚೂಪು ಉಪಕರಣದಿಂದ ಚುಚ್ಚಿ ನೋಡುವ ಹಳೆಯ ಅಭ್ಯಾಸವನ್ನು ಬಿಟ್ಟಿದ್ದೇನೆ, ಏಕೆಂದರೆ ಅದರಿಂದ ಮೇಲ್ಪದರವೇ ಕುಸಿಯಬಹುದು. ಮೇಲಿನ ದವಡೆಹಲ್ಲುಗಳ ಸಾಲೆಲ್ಲ ನೋಯುತ್ತದೆ, ಬಗ್ಗಿದರೆ ಹೆಚ್ಚುತ್ತದೆ ಎನ್ನುವವರಲ್ಲಿ ಹಲ್ಲಿಗೆ ಕೈ ಹಾಕುವ ಮೊದಲು ಆ ಹಲ್ಲುಗಳ ಬೇರಿನ ಮೇಲೆಯೇ ಇರುವ ಸೈನಸ್ ಎಂಬ ಗಾಳಿಗೂಡಿನ ಬಗ್ಗೆ ಯೋಚಿಸುತ್ತೇನೆ.

ಹುಣ್ಣು ಕಂಡವರ ಹೆಸರನ್ನು ಈಗ ಎರಡು ವಾರ ಮುಂದಿನ ಪುಟದಲ್ಲಿ ಡೈರಿಗೆ ಬರೆದಿಡುತ್ತೇನೆ, ಆ ದಿನ ಬಾರದವರಿಗೆ ಫೋನ್ ಮಾಡುತ್ತೇನೆ. ‘ನೋವು ಹೋಗಿದೆ ಡಾಕ್ಟ್ರೇ, ಮತ್ತೆ ಯಾಕೆ ಬರಬೇಕು?’ ಎಂದು ಹೆಚ್ಚಿನವರು ಕೇಳುತ್ತಾರೆ. ‘ನೋವು ಹೋದದ್ದು ಒಳ್ಳೆಯದೇ, ಹುಣ್ಣು ಹೋಗಿದೆಯಾ ಅಂತ ನಾನು ನೋಡಬೇಕು, ಬನ್ನಿ’ ಎನ್ನುತ್ತೇನೆ.